ಓದುಗರ ಪ್ರಶ್ನೆ, ನಮ್ಮ ಉತ್ತರ: ಈ ನಾಡಲ್ಲಿ ಹುಟ್ಟಿ ಅತಿ ಹೆಚ್ಚು ಪ್ರಭಾವ ಬೀರಿದವರು ಯಾರು?

ನವೆಂಬರ್ ಒಂದು ಹತ್ತಿರವಾದಂತೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದೇ ವಿಷಯ ಮತ್ತೆ ಮತ್ತೆ ಎದುರಾಗುತ್ತದೆ: ಕರ್ನಾಟಕದಲ್ಲಿ ಹುಟ್ಟಿದವರ ಪೈಕಿ ಅತ್ಯಂತ ಪ್ರಭಾವಿ ಯಾರು? ಈ ಸಂಚಿಕೆಯ ಪುಟಗಳನ್ನು ಅಂಥ ಪತ್ರಗಳಿಗೇ ಬಿಟ್ಟಿದ್ದೇವೆ.

ಪ್ರಶ್ನೆ: ರಾಜ್ಯೋತ್ಸವಕ್ಕೆ ನಮ್ಮ ಕಾಲೇಜಿನಲ್ಲಿ ‘ಕರ್ನಾಟಕದ ಅತ್ಯಂತ ಪ್ರಭಾವಿ ವ್ಯಕ್ತಿ’ ಎಂಬ ಚರ್ಚಾಸ್ಪರ್ಧೆ ಇಡುತ್ತೇವೆ. ಪ್ರತಿ ವರ್ಷ ಅದು ಬಸವಣ್ಣನವರೋ ವಿಶ್ವೇಶ್ವರಯ್ಯನವರೋ ಎಂಬಲ್ಲಿಗೆ ಬಂದು ನಿಂತು, ಗಲಾಟೆಯಲ್ಲಿ ಮುಗಿಯುತ್ತದೆ. ಎಲ್ಲಿ ಎಡವುತ್ತಿದ್ದೇವೆ?
(ಉಪನ್ಯಾಸಕರೊಬ್ಬರು, ತುಮಕೂರು)

ಉತ್ತರ: ವಿಷಯ ಕೊಡುವಲ್ಲೇ ಎಡವುತ್ತಿದ್ದೀರಿ. ‘ಪ್ರಭಾವಿ’ ಎಂದರೆ ಒಬ್ಬರಿಗೆ ಮಹಾತ್ಮ, ಇನ್ನೊಬ್ಬರಿಗೆ ಉಪಕಾರಿ, ಮತ್ತೊಬ್ಬರಿಗೆ ಹೆಸರುವಾಸಿ. ಮೂವರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಹೇಳುತ್ತಾ ಒಬ್ಬರ ಮೇಲೊಬ್ಬರು ಕೂಗಾಡುತ್ತಾರೆ. ದೊಡ್ಡತನ ವ್ಯಕ್ತಿಯ ಗುಣ. ಪ್ರಭಾವ ಅವರು ಉಳಿಸಿಹೋದ ಪರಿಣಾಮ. ಎರಡನ್ನೂ ಮೊದಲೇ ಬೇರ್ಪಡಿಸಿ.

ಸ್ಪರ್ಧಿಗಳಿಗೆ ಹದಿನೈದು ದಿನ ಮುಂಚೆ ಮೂರು ಪ್ರಶ್ನೆ ಕೊಡಿ. ಈ ವ್ಯಕ್ತಿ ಹುಟ್ಟದೇ ಇದ್ದಿದ್ದರೆ ಇಂದು ಯಾರ ಬದುಕಿನಲ್ಲಿ ಏನು ಇರುತ್ತಿರಲಿಲ್ಲ? ಅದೇ ಕೆಲಸವನ್ನು ಹತ್ತಿಪ್ಪತ್ತು ವರ್ಷಗಳೊಳಗೆ ಇನ್ಯಾರಾದರೂ ಮಾಡಿಬಿಡುತ್ತಿದ್ದರೇ? ಅವರ ಕೆಲಸ ನಮ್ಮವರೆಗೆ ಯಾರ ಕೈಯಿಂದ ಯಾರ ಕೈಗೆ ದಾಟಿ ಬಂತು? ಬಹುಪಾಲು ಭಾಷಣಗಳು ಸೋಲುವುದು ಮೂರನೆಯದರಲ್ಲಿ. ‘ಎಂಟುನೂರು ವರ್ಷಗಳಿಂದ ಜನರ ಮನಸ್ಸಿನಲ್ಲಿದ್ದಾರೆ’ ಎಂದರೆ ಸಾಲದು. ಹಾಡಿದವರು, ಪ್ರತಿ ಮಾಡಿದವರು, ಅಚ್ಚು ಹಾಕಿದವರು, ಕಾನೂನು ಮಾಡಿದವರು ಯಾರು ಎಂದು ತೋರಿಸಬೇಕು.

ಪ್ರತಿ ಸ್ಪರ್ಧಿ ಅರ್ಧ ಹಾಳೆಯ ಒಂದು ಚೀಟಿ ಒಪ್ಪಿಸಲಿ: ಹುಟ್ಟಿದ ಊರು ಮತ್ತು ತಾಲೂಕು, ಕಾಲ, ಒಂದೇ ಒಂದು ಮುಖ್ಯ ಕೆಲಸ, ಅದು ದಾಟಿಬಂದ ದಾರಿ, ಇಂದು ಕಣ್ಣಿಗೆ ಕಾಣುವ ಕುರುಹು. ‘ಒಂದೇ ಕೆಲಸ’ ಎಂಬ ನಿಯಮ ಸಡಿಲಿಸಬೇಡಿ. ಸಡಿಲಿಸಿದರೆ ಭಾಷಣ ಸಾಧನೆಗಳ ಪಟ್ಟಿಯಾಗಿಬಿಡುತ್ತದೆ, ಯಾವುದನ್ನೂ ಪರೀಕ್ಷಿಸಲು ಆಗುವುದಿಲ್ಲ.

ಐದಕ್ಕಿಂತ ಹೆಚ್ಚು ಹೆಸರು ಬೇಡ. ಮಂಡನೆಗೆ 6 ನಿಮಿಷ, ಎದುರಾಳಿಗಳ ಪ್ರಶ್ನೆಗೆ 3, ಮರುತ್ತರಕ್ಕೆ 2 ಇಟ್ಟರೆ ಐವರಿಗೆ 55 ನಿಮಿಷ. 40 ಅಂಕಗಳಲ್ಲಿ ದಾಟಿಬಂದ ದಾರಿಗೆ 15, ಹರವಿಗೆ 10, ಬಾಳಿಕೆಗೆ 10, ಪ್ರಶ್ನೆಗಳಿಗೆ ಕೊಟ್ಟ ಉತ್ತರಕ್ಕೆ 5. ಮಾತಿನ ಸೊಗಸಿಗೆ ಅಂಕ ಬೇಡ, ಅದಕ್ಕೆ ಬೇಕಿದ್ದರೆ ಪ್ರತ್ಯೇಕ ಬಹುಮಾನ ಕೊಡಿ. ಸಭಿಕರ ಮತ ಎಣಿಸಲೇಬೇಡಿ: ಅದರಲ್ಲಿ ಗೊತ್ತಾಗುವುದು ಸಭೆಯಲ್ಲಿ ಯಾವ ಜಿಲ್ಲೆಯವರು, ಯಾವ ಸಮುದಾಯದವರು ಹೆಚ್ಚಿದ್ದರು ಎಂಬುದಷ್ಟೇ. ಇನ್ನೊಂದು: ತೀರಿಕೊಂಡು ಕನಿಷ್ಠ 25 ವರ್ಷ ಆದವರನ್ನು ಮಾತ್ರ ಒಪ್ಪಿಕೊಳ್ಳಿ. ಈಗಿನ ರಾಜಕಾರಣಿಗಳ, ನಟರ ಅಭಿಮಾನಿಗಳ ಜಗಳ ಅಲ್ಲಿಗೇ ನಿಲ್ಲುತ್ತದೆ. ಅದಲ್ಲದೆ ಪ್ರಭಾವ ಅಳೆಯಲು ಒಂದು ತಲೆಮಾರಾದರೂ ಕಳೆದಿರಬೇಕು.

ಪ್ರಶ್ನೆ: ‘ಕರ್ನಾಟಕದಲ್ಲಿ ಹುಟ್ಟಿದವರು’ ಎಂದರೆ ಯಾರು? ಡಾ. ರಾಜ್‌ಕುಮಾರ್ ಹುಟ್ಟಿದ ಗಾಜನೂರು ಈಗ ತಮಿಳುನಾಡಿನಲ್ಲಿದೆ. ಅವರನ್ನು ಕೈಬಿಡುವುದೇ?
(ಓದುಗರು, ಚಾಮರಾಜನಗರ)

ಉತ್ತರ: ಈಗಿನ ಗಡಿ ಗೆರೆ ಬಿದ್ದದ್ದು 1956ರ ನವೆಂಬರ್ 1ರಂದು, ‘ಕರ್ನಾಟಕ’ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದಕ್ಕೂ ಮುಂಚೆ ಹುಟ್ಟಿದವರಾರೂ ಕಾಗದದ ಲೆಕ್ಕದಲ್ಲಿ ಕರ್ನಾಟಕದಲ್ಲಿ ಹುಟ್ಟಿದವರಲ್ಲ: ಮಂಗಳೂರಿನವರು ಮದ್ರಾಸು, ಧಾರವಾಡದವರು ಮುಂಬಯಿ, ಕಲಬುರಗಿಯವರು ಹೈದರಾಬಾದು, ಮಡಿಕೇರಿಯವರು ಕೊಡಗು. ಹಾಗಾಗಿ ಎರಡರಲ್ಲಿ ಒಂದು ಗೆರೆ ಎಳೆಯಿರಿ: ಇಂದಿನ ಜಿಲ್ಲೆಗಳೊಳಗಿನ ಊರು, ಇಲ್ಲವೇ ಅಂದಿನ ಕನ್ನಡ ಸೀಮೆ. ಎರಡನೆಯದು ನ್ಯಾಯ ಎಂದು ನಮ್ಮ ಅನಿಸಿಕೆ. ತಾಳವಾಡಿ ಸೀಮೆಯ ಗಾಜನೂರು ಆಗ ಅದರೊಳಗೆ ಬರುತ್ತದೆ. 25 ವರ್ಷದ ನಿಯಮ ಇಟ್ಟುಕೊಂಡರೆ 2006ರಲ್ಲಿ ತೀರಿಕೊಂಡ ಅವರು ಸದ್ಯಕ್ಕೆ ಪಟ್ಟಿಗೆ ಬರುವುದಿಲ್ಲ, ಅದು ಬೇರೆ ಮಾತು.

ಹುಟ್ಟಿನ ಗೆರೆ ಎಳೆದ ಮೇಲೆ ಕೆಲವರು ಹೊರಗುಳಿಯುತ್ತಾರೆ, ಅದನ್ನು ಒಪ್ಪಿಕೊಳ್ಳಬೇಕು. ಶಿವನಸಮುದ್ರದ ವಿದ್ಯುತ್ ಯೋಜನೆಗೆ ಅಡಿಪಾಯ ಹಾಕಿದ ದಿವಾನ್ ಶೇಷಾದ್ರಿ ಅಯ್ಯರ್ ಪಾಲಕ್ಕಾಡಿನ ಕಡೆಯವರು. ಕೆನಡಾದ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದು ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತದ ದ್ರಾವಣ ಹೊಡೆಯುವುದನ್ನು ಬಳಕೆಗೆ ತಂದರು. ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕ ಮಲೆನಾಡಿನ ತೋಟದವರಿಗೆ ಇಂದಿಗೂ ಬಾಯಿಪಾಠ. ಪ್ರಭಾವ ದೊಡ್ಡದೇ, ಆದರೆ ಹುಟ್ಟು ಇಲ್ಲಿನದಲ್ಲ.

ಪುರಂದರದಾಸರ ಹುಟ್ಟೂರಿನ ಬಗ್ಗೆ ಎರಡು ವಾದಗಳಿವೆ: ಮಹಾರಾಷ್ಟ್ರದ ಪುರಂದರಗಡ ಒಂದು, ತೀರ್ಥಹಳ್ಳಿ ಸೀಮೆ ಇನ್ನೊಂದು. ಅವರ ಪರ ನಿಲ್ಲುವವರು ಈ ಜಗಳಕ್ಕೆ ಸಮಯ ಕಳೆಯದೆ ನೇರವಾಗಿ ಕರ್ನಾಟಕ ಸಂಗೀತದ ಪಾಠಕ್ಕೆ ಬರಲಿ. ಮಾಯಾಮಾಳವಗೌಳ ರಾಗದ ಸರಳೆಯಿಂದ ಮಲಹರಿ ರಾಗದ ಪಿಳ್ಳಾರಿ ಗೀತೆಗಳವರೆಗಿನ ಕ್ರಮವನ್ನು ಪರಂಪರೆ ಅವರಿಗೆ ಸಲ್ಲಿಸುತ್ತದೆ. ಚೆನ್ನೈಯಲ್ಲಿ ಸಂಗೀತಕ್ಕೆ ಕೂತ ಮಗು ಇಂದು ಬೆಳಗ್ಗೆಯೂ ಅದೇ ಕ್ರಮದಲ್ಲಿ ಬಾಯಿ ತೆರೆದಿದೆ.

ಪ್ರಶ್ನೆ: ಕನ್ನಂಬಾಡಿ ಕಟ್ಟಿದ್ದು ವಿಶ್ವೇಶ್ವರಯ್ಯನವರೋ ನಾಲ್ವಡಿಯವರೋ? ನಮ್ಮೂರಲ್ಲಿ ಇದೇ ದೊಡ್ಡ ಚರ್ಚೆ.
(ಓದುಗರು, ಮದ್ದೂರು)

ಉತ್ತರ: ಕಾಲಾನುಕ್ರಮ ನೋಡಿ. ವಿಶ್ವೇಶ್ವರಯ್ಯನವರು 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು. ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. ಅವರು ದಿವಾನರಾಗಿದ್ದದ್ದು 1912ರಿಂದ 1918ರವರೆಗೆ. ಮದ್ರಾಸಿನೊಂದಿಗೆ ಕಾವೇರಿ ಒಪ್ಪಂದ ಆದದ್ದು 1924ರಲ್ಲಿ. ಕಟ್ಟೆ ಪೂರ್ತಿಯಾದದ್ದು 1930ರ ದಶಕದ ಆರಂಭದಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ. ಈ ಇಪ್ಪತ್ತು ವರ್ಷವೂ ಸಿಂಹಾಸನದಲ್ಲಿದ್ದವರು, ಹಣ ಹೊಂದಿಸಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಯೋಜನೆ ರೂಪಿಸಿ, ಒಪ್ಪಿಸಿ, ಶುರು ಮಾಡಿದ ಹೊಣೆ ವಿಶ್ವೇಶ್ವರಯ್ಯನವರದು. ಅವರು ಹೋದ ಮೇಲೂ ಅದನ್ನು ನಿಲ್ಲಿಸದೆ ಮುಗಿಸಿದ ಹೊಣೆ ಒಡೆಯರದು.

ಎರಡನೇ ಪ್ರಶ್ನೆಗೆ, ಅಂದರೆ ಬೇರೆ ಯಾರಾದರೂ ಮಾಡುತ್ತಿದ್ದರೇ ಎಂಬುದಕ್ಕೆ, ಇಲ್ಲಿ ನಿಷ್ಠುರ ಉತ್ತರ ಬೇಕು. ಕೋಲಾರದ ಚಿನ್ನದ ಗಣಿಗೆ 1902ರಿಂದ ಶಿವನಸಮುದ್ರದ ಕರೆಂಟು ಹೋಗುತ್ತಿತ್ತು. ಬೇಸಿಗೆಯಲ್ಲಿ ಹೊಳೆ ಇಳಿದಾಗ ಯಂತ್ರಕ್ಕೆ ನೀರು ಸಾಲುತ್ತಿರಲಿಲ್ಲ. ಕಾವೇರಿಗೆ ಒಂದು ಸಂಗ್ರಹ ಕಟ್ಟಲೇಬೇಕೆಂಬ ಒತ್ತಡ ಆಗಲೇ ಇತ್ತು. ಹಾಗಾಗಿ ಯಾವುದೋ ಒಂದು ಕಟ್ಟೆ ಹೇಗೂ ಬರುತ್ತಿತ್ತು. ಆದರೆ 124.80 ಅಡಿ ನೀರು ನಿಲ್ಲುವ, 49 ಟಿಎಂಸಿ ಹಿಡಿಸುವ, ಮಂಡ್ಯದ ಒಣ ನೆಲಕ್ಕೆ ನಾಲೆ ಹರಿಸುವ ಕಟ್ಟೆಯೇ ಬರುತ್ತಿತ್ತೆಂದು ಹೇಳಲಾಗದು. ವಿಶ್ವೇಶ್ವರಯ್ಯನವರ ಪರ ಮಾತಾಡುವವರು ಈ ವ್ಯತ್ಯಾಸ ಹಿಡಿದು ನಿಂತರೆ ಗೆಲ್ಲುತ್ತಾರೆ. ‘ಅವರಿಲ್ಲದಿದ್ದರೆ ಕಟ್ಟೆಯೇ ಇಲ್ಲ’ ಎಂದರೆ ಸೋಲುತ್ತಾರೆ.

ನಾಲ್ವಡಿಯವರ ಪರ ಇನ್ನೊಂದು ಬಲವಾದ ಅಂಶವಿದೆ, ಬಹಳ ಮಂದಿ ಮರೆಯುತ್ತಾರೆ. ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದವರಿಗೆ ಪಾಲು ಕೊಡುವ ಬಗ್ಗೆ 1918ರಲ್ಲಿ ಅವರು ಮಿಲ್ಲರ್ ಸಮಿತಿ ನೇಮಿಸಿದರು. ಆ ನೀತಿ ವಿಶ್ವೇಶ್ವರಯ್ಯನವರಿಗೆ ಒಪ್ಪಿಗೆಯಾಗಲಿಲ್ಲ. ಅದೇ ವರ್ಷ ಅವರು ದಿವಾನಗಿರಿ ಬಿಟ್ಟರು. ಇಬ್ಬರ ಪ್ರಭಾವವೂ ಬೇರೆಯಾಗುವ ಜಾಗ ಅದು.

ಪ್ರಶ್ನೆ: ಬಸವಣ್ಣನವರ ಪರ ಮಾತಾಡುವಾಗ ಅನುಭವ ಮಂಟಪವನ್ನು ‘ಜಗತ್ತಿನ ಮೊದಲ ಪಾರ್ಲಿಮೆಂಟು’ ಎಂದೆ. ಎದುರಾಳಿ ಪುರಾವೆ ಕೇಳಿದರು, ತಡವರಿಸಿದೆ. ಏನು ಹೇಳಬೇಕಿತ್ತು?
(ವಿದ್ಯಾರ್ಥಿನಿ, ಬಾಗಲಕೋಟೆ)

ಉತ್ತರ: ಆ ಮಾತನ್ನೇ ಬಿಟ್ಟುಬಿಡಿ ಮಗಳೇ, ನಿಮ್ಮ ಪಕ್ಷಕ್ಕೆ ಅದರ ಅಗತ್ಯವಿಲ್ಲ. ಅನುಭವ ಮಂಟಪದ ತುಂಬು ಚಿತ್ರ ನಮಗೆ ಸಿಗುವುದು ಶರಣರ ಸಂವಾದಗಳನ್ನು ಹೆಣೆದ 15ನೇ ಶತಮಾನದ ಶೂನ್ಯಸಂಪಾದನೆ ಗ್ರಂಥಗಳಲ್ಲಿ; ಬಸವಣ್ಣನವರು ಬಾಳಿದ್ದು 12ನೇ ಶತಮಾನದಲ್ಲಿ. ಈ ಅಂತರ ಬಲ್ಲ ಎದುರಾಳಿ ಒಂದೇ ಪ್ರಶ್ನೆಯಲ್ಲಿ ನಿಮ್ಮನ್ನು ಕೆಡವುತ್ತಾರೆ. ಬಸವಣ್ಣನವರು ಇದ್ದರೆಂಬುದಕ್ಕೇ ಪುರಾವೆ ಕೇಳಿದರೆ ಹುಕ್ಕೇರಿ ತಾಲೂಕಿನ ಅರ್ಜುನವಾಡದ 1260ರ ಶಾಸನ ಹೇಳಿ.

ನಿಮ್ಮ ಗಟ್ಟಿ ನೆಲ ಭಾಷೆ. ಕಾಯಕ, ದಾಸೋಹ ಎಂಬ ಮಾತುಗಳನ್ನು ಇಂದು ಧರ್ಮ ನೋಡದೆ ಎಲ್ಲರೂ ಆಡುತ್ತಾರೆ. ಚಮ್ಮಾರ, ಅಂಬಿಗ, ಮಡಿವಾಳ, ಮೂವತ್ತಕ್ಕೂ ಹೆಚ್ಚು ಹೆಂಗಸರು, ಇವರೆಲ್ಲ ತಮ್ಮ ಅಂಕಿತ ಇಟ್ಟು ವಚನ ಹೇಳಿದ ಉದಾಹರಣೆ ಆ ಕಾಲಕ್ಕೆ ಅಪರೂಪ. ದಾಟಿಬಂದ ದಾರಿಯನ್ನು ಫ. ಗು. ಹಳಕಟ್ಟಿಯವರ ಮೂಲಕ ತೋರಿಸಿ. ವಿಜಯಪುರದ ಈ ವಕೀಲರು ತಾಳೆಗರಿಗಳನ್ನು ಹುಡುಕಿ ತಂದು, 1923ರಿಂದ ವಚನಗಳನ್ನು ಅಚ್ಚಿಗೆ ಕೊಟ್ಟು, ಸ್ವಂತ ಮುದ್ರಣಾಲಯ ನಡೆಸಿ ಕೈಸುಟ್ಟುಕೊಂಡವರು. ಮಠ ಮತ್ತು ಮನೆಗಳ ಜಗುಲಿಯಲ್ಲಿದ್ದ ವಚನ ಶಾಲೆಯ ಪಠ್ಯಕ್ಕೆ ಬಂದದ್ದು ಆಮೇಲೆ. ಜಾತಿ ಇನ್ನೂ ಹೋಗಿಲ್ಲವಲ್ಲ ಎಂದು ಎದುರಾಳಿ ಕೇಳುವುದು ಖಂಡಿತ. ಹೋಗಿಲ್ಲ, ಆದರೆ ಅದನ್ನು ಕನ್ನಡದಲ್ಲಿ ಪ್ರಶ್ನಿಸುವವರು ಇಂದಿಗೂ ಯಾರ ಮಾತು ಎತ್ತಿಕೊಳ್ಳುತ್ತಾರೆ ಎಂದು ತಿರುಗಿ ಕೇಳಿ.

ಪ್ರಶ್ನೆ: ಜಗತ್ತಿನ ಮಟ್ಟದಲ್ಲಿ ಟಿಪ್ಪುವಿನ ರಾಕೆಟ್‌ಗಿಂತ ದೊಡ್ಡ ಪ್ರಭಾವ ಇನ್ಯಾವುದಿದೆ?
(ಓದುಗರು, ಶ್ರೀರಂಗಪಟ್ಟಣ)

ಉತ್ತರ: ದಾರಿ ಸ್ಪಷ್ಟವಾಗಿದೆ: ಕಬ್ಬಿಣದ ಕೊಳವೆಯ ರಾಕೆಟ್, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲೆಂಡಿಗೆ ಹೋದ ಮಾದರಿಗಳು, ಅಲ್ಲಿನ ವುಲಿಚ್ ಶಸ್ತ್ರಾಗಾರದಲ್ಲಿ ವಿಲಿಯಂ ಕಾಂಗ್ರೀವ್ ಅವರ ಪ್ರಯೋಗ, 1807ರಲ್ಲಿ ಕೋಪನ್‌ಹೇಗನ್ ಮೇಲೆ ದಾಳಿ. ಆದರೆ ವ್ಯಕ್ತಿ ಯಾರು? ಈ ರಾಕೆಟ್‌ಗಳು ಬ್ರಿಟಿಷರನ್ನು ಕಾಡಿದ 1780ರ ಪೊಳ್ಳಿಲೂರು ಕಾಳಗದ ಹೊತ್ತಿಗೆ ಆಳುತ್ತಿದ್ದವನು ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿ. ಕೊಳವೆ ಬಡಿದ ಕಮ್ಮಾರರ ಹೆಸರು ಉಳಿದಿಲ್ಲ. ಹೊಸನಗರ ತಾಲೂಕಿನ ನಗರ ಎಂಬ ಊರಿನ ಹಳೇ ಬಾವಿಯೊಂದರಲ್ಲಿ 2018ರಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ಸಿಕ್ಕವು. ವಿಷಯ ‘ವ್ಯಕ್ತಿ’ ಎಂದಿರುವಾಗ ಪೂರ್ತಿ ಅಂಕ ಟಿಪ್ಪುವಿಗೆ ಸಲ್ಲುವುದಿಲ್ಲ.

ಪ್ರಶ್ನೆ: ನಮ್ಮ ಕಡೆಯ ಮರ್ತೂರಿನ ವಿಜ್ಞಾನೇಶ್ವರನ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ವಕೀಲರಷ್ಟೇ ನೆನೆಯುತ್ತಾರೆ. ಚರ್ಚೆಗೆ ತರಬಹುದೇ?
(ಓದುಗರು, ಕಲಬುರಗಿ)

ಉತ್ತರ: ತರಲೇಬೇಕು. ನಮ್ಮನ್ನು ಕೇಳಿದರೆ, ದೇಶದ ಹರವಿನಲ್ಲಿ ಈ ನೆಲದ ಯಾರ ಪ್ರಭಾವವೂ ವಿಜ್ಞಾನೇಶ್ವರನದರಷ್ಟಿಲ್ಲ. ನಮ್ಮ ಮತ ಅವನಿಗೇ.

ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿದ್ದ ಈತ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಕಲ್ಯಾಣದಂಥ ಪಟ್ಟಣ ಹಿಂದಿರಲಿಲ್ಲ, ಮುಂದೆ ಇರದು ಎಂಬರ್ಥದ ಮಾತು ಅದರ ಕೊನೆಯಲ್ಲಿದೆ, ಹಾಗಾಗಿ ಎಲ್ಲಿ ಬರೆದದ್ದೆಂಬ ಸಂದೇಹವಿಲ್ಲ. ಅವನ ಮುಖ್ಯ ವಾದ ಒಂದೇ: ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹಕ್ಕು ಬರುವುದು ಅಪ್ಪ ಸತ್ತಾಗ ಅಲ್ಲ, ಮಗ ಹುಟ್ಟಿದಾಗ. ಇದನ್ನೇ ಜನ್ಮಸ್ವತ್ವ ಎನ್ನುತ್ತಾರೆ. ಅಪ್ಪ ಆ ಸ್ಥಿರಾಸ್ತಿಯನ್ನು ತನ್ನಿಷ್ಟಕ್ಕೆ ಮಾರುವಂತಿಲ್ಲ. ಆಪತ್ತು, ಕುಟುಂಬದ ಅಗತ್ಯ, ಧರ್ಮಕಾರ್ಯ ಇವಿಷ್ಟೇ ವಿನಾಯಿತಿ. ಬಂಗಾಳದ ಜೀಮೂತವಾಹನ ‘ದಾಯಭಾಗ’ದಲ್ಲಿ ಇದಕ್ಕೆ ಉಲ್ಟಾ ಹೇಳಿದ, ಅಪ್ಪ ತೀರಿದ ಮೇಲೆಯೇ ಹಕ್ಕು ಎಂದ. ಬಂಗಾಳ, ಅಸ್ಸಾಂ ಬಿಟ್ಟು ಹೆಚ್ಚುಕಡಿಮೆ ಇಡೀ ದೇಶದ ಹಿಂದೂ ಕುಟುಂಬಗಳು ಮಿತಾಕ್ಷರಾ ಪದ್ಧತಿಗೆ ಬಂದವು.

ದಾಟಿಬಂದ ದಾರಿ ಇನ್ನೂ ಗಟ್ಟಿ. ಹಿಂದೂಗಳ ಉತ್ತರಾಧಿಕಾರದ ವ್ಯಾಜ್ಯಗಳನ್ನು ಶಾಸ್ತ್ರದಂತೆ ತೀರ್ಮಾನಿಸಬೇಕೆಂದು ಕಂಪನಿ ಸರ್ಕಾರ 1772ರಲ್ಲಿ ಗೊತ್ತುಮಾಡಿತು. 1810ರಲ್ಲಿ ಇಂಗ್ಲಿಷ್ ವಿದ್ವಾಂಸ ಕೋಲ್‌ಬ್ರೂಕ್ ಮಿತಾಕ್ಷರಾದ ವಾರಸು ಹಂಚಿಕೆಯ ಪ್ರಕರಣವನ್ನು ಇಂಗ್ಲಿಷಿಗೆ ತಂದರು. ಅಲ್ಲಿಂದ ಕೋರ್ಟಿನ ತೀರ್ಪುಗಳಿಗೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 6ನೇ ಕಲಮಿಗೆ ಬಂತು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಜಮೀನು ಕೊಳ್ಳುವವರು ಇಂದು ವಂಶವೃಕ್ಷ ಕೇಳುವುದು, ಮಕ್ಕಳೆಲ್ಲರ ರುಜು ಬೇಕೆನ್ನುವುದು, ರುಜು ಹಾಕದ ಒಬ್ಬ ಮಗ ಹತ್ತು ವರ್ಷದ ಮೇಲೆ ದಾವೆ ಹೂಡುವುದು, ಅವಿಭಕ್ತ ಕುಟುಂಬಕ್ಕೆ ಪ್ರತ್ಯೇಕ ಪ್ಯಾನ್ ಕಾರ್ಡು ಸಿಗುವುದು, ಎಲ್ಲದರ ಬೇರು ಆ ಒಂದು ವಾದದಲ್ಲಿದೆ.

ಇದನ್ನು ಹೊಗಳಿಕೆಯಾಗಿ ಮಂಡಿಸಬೇಡಿ. ಹುಟ್ಟಿನಿಂದ ಬರುವ ಆ ಹಕ್ಕು ಗಂಡುಮಕ್ಕಳಿಗಷ್ಟೇ ಇತ್ತು. ಹೆಣ್ಣುಮಕ್ಕಳು ಎಂಟುನೂರಕ್ಕೂ ಹೆಚ್ಚು ವರ್ಷ ಅದರ ಹೊರಗೆ ನಿಂತರು. ಹಾಗೆಯೇ ಅವನಿಗೆ ಅನ್ಯಾಯವೂ ಮಾಡಬೇಡಿ. ಸ್ತ್ರೀಧನಕ್ಕೆ, ಅಂದರೆ ಹೆಣ್ಣಿನ ಸ್ವಂತ ಆಸ್ತಿಗೆ, ಅವನು ಕೊಟ್ಟ ಅರ್ಥ ವಿಶಾಲವಾಗಿತ್ತು, ವಾರಸಿನಿಂದ ಬಂದದ್ದನ್ನೂ ಕೊಂಡದ್ದನ್ನೂ ಅದರಲ್ಲಿ ಸೇರಿಸಿದ್ದ. ಅದನ್ನು ಕಿರಿದು ಮಾಡಿದ್ದು ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಪ್ರಿವಿ ಕೌನ್ಸಿಲ್. ಮೈಸೂರು ಸಂಸ್ಥಾನ 1933ರಲ್ಲಿ, ಕರ್ನಾಟಕ 1994ರಲ್ಲಿ, ಕೇಂದ್ರ 2005ರ ಸೆಪ್ಟೆಂಬರ್ 9ರಿಂದ ಹೆಣ್ಣುಮಕ್ಕಳ ಪರವಾಗಿ ಕಾನೂನು ತಿದ್ದಿದವು. 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮಗಳ ಹಕ್ಕೂ ಹುಟ್ಟಿನಿಂದಲೇ ಎಂದಿತು. ‘ಹುಟ್ಟಿನಿಂದ’ ಎಂಬ ಮಾತು ಅಳಿಯಲಿಲ್ಲ, ಮಗಳಿಗೂ ಹಿಗ್ಗಿತು.

ಎದುರಾಳಿ ಹಿಡಿಯಬಹುದಾದ ಕೊರತೆಗಳಿಗೆ ತಯಾರಿರಿ: ಇದು ಹಿಂದೂ ಕುಟುಂಬಗಳಿಗೆ ಮಾತ್ರ, ತಾಯಿಯ ಕಡೆಯಿಂದ ಆಸ್ತಿ ಇಳಿದು ಬರುವ ಕರಾವಳಿಯ ಅಳಿಯಸಂತಾನದವರಿಗೆ ಅನ್ವಯಿಸುತ್ತಿರಲಿಲ್ಲ, ಕೇರಳ 1975ರ ಕಾಯ್ದೆಯಿಂದ ಅವಿಭಕ್ತ ಕುಟುಂಬ ಪದ್ಧತಿಯನ್ನೇ ತೆಗೆದುಹಾಕಿತು.

ಪ್ರಶ್ನೆ: ಹೆಂಗಸರೆಂದರೆ ಅಕ್ಕಮಹಾದೇವಿ, ಕಿತ್ತೂರು ಚೆನ್ನಮ್ಮ, ಅಷ್ಟೇ. ಕರಾವಳಿಯವರಂತೂ ಪಟ್ಟಿಗೇ ಬರುವುದಿಲ್ಲ. ಯಾಕೆ?
(ಓದುಗರು, ಮಂಗಳೂರು)

ಉತ್ತರ: ಪಟ್ಟಿಗಳನ್ನು ಪ್ರತಿಮೆ ನೋಡಿ ಮಾಡುತ್ತಾರೆ, ಅದಕ್ಕೆ. ಮಂಗಳೂರಿನಲ್ಲಿ 1903ರ ಏಪ್ರಿಲ್ 3ರಂದು ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರ ಹೆಸರು ಮೊದಲ ಐದರಲ್ಲಿ ಇರಬೇಕು. 1926ರಲ್ಲಿ ಮದ್ರಾಸ್ ಶಾಸನಸಭೆಗೆ ಸ್ಪರ್ಧಿಸಿದರು, ಕೂದಲೆಳೆಯಲ್ಲಿ ಸೋತರು. ಉಪ್ಪಿನ ಸತ್ಯಾಗ್ರಹಕ್ಕೆ ಹೆಂಗಸರನ್ನೂ ಕರೆಯಬೇಕೆಂದು ಗಾಂಧೀಜಿಯವರ ಬಳಿ ಪಟ್ಟು ಹಿಡಿದರು. ಆದರೆ ಚರ್ಚೆಗೆ ‘ಒಂದೇ ಕೆಲಸ’ ಆರಿಸುವುದಾದರೆ ಕರಕುಶಲ ಕಲೆ ಆರಿಸಿ. 1952ರಲ್ಲಿ ಆರಂಭವಾದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ಕಟ್ಟಿ ನಡೆಸಿದವರು ಅವರು. ನೇಕಾರ, ಕುಂಬಾರ, ಕಂಚುಗಾರರ ಸರಕಿಗೆ ಸರ್ಕಾರಿ ಮಳಿಗೆ, ಪ್ರಶಸ್ತಿ, ಪಟ್ಟಣದ ಗಿರಾಕಿ ಸಿಕ್ಕುವ ವ್ಯವಸ್ಥೆಯ ಮೂಲ ಅಲ್ಲಿದೆ.

ಅದೇ ಊರಲ್ಲಿ 1887ರಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾಯರು ಸಂವಿಧಾನ ಸಭೆಯ ಸಲಹೆಗಾರರು. 1947ರ ಅಕ್ಟೋಬರಿನಲ್ಲಿ 243 ವಿಧಿಗಳ ಮೊದಲ ಕರಡು ಸಿದ್ಧಪಡಿಸಿದವರು ಅವರೇ, ಅಂಬೇಡ್ಕರರು 1949ರ ನವೆಂಬರ್ 25ರ ಭಾಷಣದಲ್ಲಿ ಅದನ್ನು ಸ್ಮರಿಸಿದ್ದಾರೆ. ಆದರೆ ಕರಡು ಸಮಿತಿಯಲ್ಲಿ, ಸಭೆಯಲ್ಲಿ ಅದು ಬಹಳ ಬದಲಾಯಿತು. ಎರಡೂ ಮಾತನ್ನು ಒಟ್ಟಿಗೇ ಹೇಳಿ.

ಪ್ರಶ್ನೆ: ನಮ್ಮ ತಾತ ಗೇಣಿದಾರರಾಗಿದ್ದವರು. ನಮ್ಮ ಮನೆಗೆ ದೇವರಾಜ ಅರಸು ಅವರಿಗಿಂತ ಪ್ರಭಾವಿ ಯಾರೂ ಇಲ್ಲ. ಇದನ್ನು ಭಾವುಕ ಮಾತಾಗಿ ಅಲ್ಲದೆ ಪುರಾವೆಯಾಗಿ ಹೇಗೆ ಮಂಡಿಸಲಿ?
(ಓದುಗರು, ಸಾಗರ)

ಉತ್ತರ: ರಾಜ್ಯದೊಳಗಿನ ಕಳೆದ ನೂರು ವರ್ಷದ ಲೆಕ್ಕಕ್ಕೆ ನಾವೂ ಅರಸು ಅವರ ಪರವೇ. ಅವರು ಮುಖ್ಯಮಂತ್ರಿಯಾಗಿದ್ದಾಗ ಭೂಸುಧಾರಣಾ ಕಾಯ್ದೆಗೆ ತಂದ 1974ರ ತಿದ್ದುಪಡಿಯಿಂದ ಆ ವರ್ಷದ ಮಾರ್ಚ್ 1ಕ್ಕೆ ಗೇಣಿ ಜಮೀನೆಲ್ಲ ಸರ್ಕಾರದ ವಶಕ್ಕೆ ಬಂತು. ಉಳುವವರು ಫಾರಂ ನಂ. 7 ತುಂಬಿ ಭೂನ್ಯಾಯಮಂಡಳಿಗೆ ಅರ್ಜಿ ಹಾಕಬೇಕಿತ್ತು. ಮಂಡಳಿಯ ಮುಂದೆ ವಕೀಲರಿಗೆ ಪ್ರವೇಶ ಇಡದ್ದು ದೊಡ್ಡ ಉಪಾಯ, ಜಮೀನಿನ ಒಡೆಯರ ಹಣಬಲ ಅಲ್ಲಿ ಕೆಲಸ ಮಾಡದಿರಲೆಂದು. ಗೇಣಿ ಹೆಚ್ಚಿದ್ದ ಕರಾವಳಿ, ಮಲೆನಾಡಿನಲ್ಲಿ ಪರಿಣಾಮವೂ ಹೆಚ್ಚು. ಸ್ವಂತ ಸಾಗುವಳಿಯೇ ಹೆಚ್ಚಿದ್ದ ಬಯಲುಸೀಮೆಯಲ್ಲಿ ಕಡಿಮೆ. ನಿಮ್ಮ ತಾಲೂಕಿನವರು ಗೇಣಿದಾರರ 1951ರ ಕಾಗೋಡು ಸತ್ಯಾಗ್ರಹವನ್ನೂ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರನ್ನೂ ಬಿಟ್ಟು ಈ ವಾದ ಮಂಡಿಸಬಾರದು. ಬೇಡಿಕೆ ಅಲ್ಲಿ ಹುಟ್ಟಿತು, ಕಾನೂನಿಗೆ ಹಲ್ಲು ಬಂದದ್ದು ಅರಸು ಅವರ ಕಾಲದಲ್ಲಿ.

ಪುರಾವೆ ಮನೆಯಲ್ಲೇ ಇರಬಹುದು. ತಾತನ ಹೆಸರಿನ ಫಾರಂ ನಂ. 10, ಅಂದರೆ ಜಮೀನಿನ ಹಕ್ಕು ಸಿಕ್ಕಿತೆಂದು ಹೇಳುವ ಅಧಿಭೋಗದಾರಿಕೆ ಪ್ರಮಾಣಪತ್ರ, ಟ್ರಂಕಿನಲ್ಲೋ ಪಹಣಿಯ ಜೊತೆಗೋ ಇದೆಯೇ ನೋಡಿ. ಇಲ್ಲದಿದ್ದರೆ ಸರ್ವೆ ನಂಬರ್, ಊರು, ತಾತನ ಹೆಸರು ಬರೆದು ತಾಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಮಂಡಳಿಯ ಆದೇಶದ ದೃಢೀಕೃತ ನಕಲಿಗೆ ಅರ್ಜಿ ಕೊಡಿ. ಹೆಸರಿನ ಅಕ್ಷರ ಒಂದೊಂದು ಕಾಗದದಲ್ಲಿ ಒಂದೊಂದು ತರ ಇರುತ್ತದೆ, ಆದ್ದರಿಂದ ಸರ್ವೆ ನಂಬರಿನಿಂದಲೇ ಹುಡುಕಿಸಿ. 1974ಕ್ಕಿಂತ ಹಿಂದಿನ ಕೈಬರಹದ ಪಹಣಿ ಒಂದನ್ನು, ಆದೇಶದ ನಂತರದ್ದೊಂದನ್ನು ತೆಗೆಸಿ ಪಕ್ಕಪಕ್ಕ ಇಡಿ: ಮೊದಲನೆಯದರಲ್ಲಿ ಒಡೆಯರ ಹೆಸರು, ಗೇಣಿದಾರ ಎಂದು ತಾತನ ಹೆಸರು, ಎರಡನೆಯದರಲ್ಲಿ ಒಡೆತನದ ಅಂಕಣದಲ್ಲೇ ತಾತ. ಸಭೆಯಲ್ಲಿ ಓದುವ ಮುನ್ನ ಒಡೆಯರ ಮನೆತನದ ಹೆಸರನ್ನು ನಕಲಿನಲ್ಲಿ ಮರೆಮಾಡಿ.